ಹೊಡೆದುಹಾಕಿದ ಒಂದು ಸಾಲು

ಮೇಡಂ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಫಾರಂ ಮೇಲೆ ಯಾರ ಹೆಸರೂ ಇರಬಾರದು, ಮನೆಗೊಂದು ನಂಬರ್ ಇದ್ದರೆ ಸಾಕು ಎಂಬುದು ಅವರು ನಮಗೆ ಕಲಿಸಿದ ಮೊದಲ ಪಾಠ. ಅವರು ತೀರಿಕೊಂಡು ಸುಮಾರು ಒಂದೂವರೆ ತಿಂಗಳಾಯಿತು. 'ಸುಮಾರು' ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. "ಸುಮಾರು ಅಂದ್ರೆ ಯಾವಾಗ? ಹಬ್ಬಕ್ಕೆ ಮುಂಚೆನಾ, ಆಮೇಲಾ?" ಎಂದು ಕೇಳುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬ ಕಳೆದ ಮೂರನೆಯ ದಿನ, ಮೇಡಂ. ಬೆಳಿಗ್ಗೆ ಹತ್ತೂವರೆಗೆ.

ಅವರು ಡಾಕ್ಟರು. ಆದರೆ ಅವರ ಕೊರಳಲ್ಲಿ ಸ್ಟೆತಸ್ಕೋಪ್ ಇದ್ದುದನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ನೆರೆ ಬಂದ ಕಡೆ, ಗುಡ್ಡ ಕುಸಿದ ಕಡೆ, ಬೆಂಕಿಗೆ ಗುಡಿಸಲು ಸುಟ್ಟುಹೋದ ಕಡೆ ಅವರು ಹೋಗುತ್ತಿದ್ದರು. ಅನ್ನ, ಬಟ್ಟೆ, ಔಷಧ ಕೊಡಲು ಬೇರೆ ಜನ ಬರುತ್ತಿದ್ದರು. ಮೇಡಂ ಕೇಳಲು ಹೋಗುತ್ತಿದ್ದರು. ಯಾರಿಗೆ ಕಾಯಿಲೆ ಬಂದಿದೆ, ಏತರಿಂದ ಬಂದಿದೆ, ಯಾರು ಲೆಕ್ಕದಿಂದ ಬಿಟ್ಟುಹೋಗಿದ್ದಾರೆ ಎಂದು ಮನೆಮನೆ ತಿರುಗಿ ಕೇಳಿ, ಬರೆದು, ಮುಂದೇನು ಮಾಡಬೇಕೆಂದು ತಿಳಿಸುವುದು ಅವರ ಕೆಲಸ. ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮೇಲೆ, ಎರಡು ಕೋಣೆಯ ಆಫೀಸು. ಅಲ್ಲಿ ನಾನು ಹದಿನಾಲ್ಕು ವರ್ಷ ಅವರ ಜೊತೆ ಇದ್ದೆ.

ನಾನು ಓದಿದ್ದು ಪಿಯುಸಿ. ಈ ಕೆಲಸಕ್ಕೆ ಬರುವ ಮುಂಚೆ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದಲ್ಲಿದ್ದೆ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಪಂಚಾಂಗ ಎಲ್ಲ ನನ್ನ ಕೈಯಲ್ಲಿ ಹೊಲಿಗೆ ಬೀಳುತ್ತಿದ್ದವು. ಒಂದು ದಿನ ಮೇಡಂ ಸರ್ವೆ ಫಾರಂ ಅಚ್ಚು ಹಾಕಿಸಲು ಬಂದರು. ಹಾಳೆ ಜೋಡಿಸುತ್ತ ನಾನು ಓದಿಕೊಂಡೆ. 'ಕಳೆದ ಎರಡು ವಾರಗಳಲ್ಲಿ ಕುಟುಂಬದ ಸದಸ್ಯರಲ್ಲಿ ಯಾರಾದರೂ ಅತಿಸಾರದಿಂದ ಬಳಲಿರುವರೇ?' ಎಂದಿತ್ತು. ತಡೆಯಲಾರದೆ ಕೇಳಿದೆ.

"ಮೇಡಂ, ಇದನ್ನ ಯಾರ ಹತ್ರ ಕೇಳ್ತೀರಾ?"

"ಯಾಕೆ?"

"ನಮ್ಮ ಬೀದೀಲಿ ಹಿಂಗೆ ಕೇಳಿದ್ರೆ ಯಾವುದೋ ಪರೀಕ್ಷೆ ಅಂದ್ಕೊಂಡು ಬಾಗಿಲು ಹಾಕ್ಕೊಂಬಿಡ್ತಾರೆ."

ಪ್ರೆಸ್ಸಿನ ಯಜಮಾನರು ಒಳಗಿನಿಂದ ನನ್ನನ್ನು ಕೆಕ್ಕರಿಸಿ ನೋಡಿದರು. ಮೇಡಂ ಮಾತ್ರ ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತರು. "ಹಂಗಾದ್ರೆ ನೀವು ಹೆಂಗೆ ಕೇಳ್ತೀರಾ? ಕೇಳಿ, ನಾನು ಆ ಮನೆಯವಳು ಅಂದ್ಕೊಳ್ಳಿ" ಎಂದರು. ಆ ಮಧ್ಯಾಹ್ನ ಇಪ್ಪತ್ತೆರಡು ಪ್ರಶ್ನೆಗಳನ್ನೂ ನಾನು ಅವರಿಗೆ ಕೇಳಿದೆ, ಅವರು ಬರೆದುಕೊಂಡರು. ಅಚ್ಚಾಗಿದ್ದ ಹಾಳೆಗಳೆಲ್ಲ ರದ್ದಿಗೆ ಹೋದವು. ಯಜಮಾನರು ಹೊರಗೆ ಬಂದು, "ಇವಳನ್ನ ನೀವೇ ಕರ್ಕೊಂಡ್ಹೋಗಿ ಮೇಡಂ, ಇಲ್ಲಿದ್ರೆ ಮದುವೆ ಪತ್ರಿಕೇನೂ ತಿದ್ತಾಳೆ" ಎಂದು ತಮಾಷೆ ಮಾಡಿದರು. ಮೇಡಂ ನಿಜವಾಗಿಯೂ ಕರೆದುಕೊಂಡು ಹೋದರು.

ಅವರು ಕುಳ್ಳಗಿದ್ದರು. ಖಾದಿ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ಯಾರ ಮನೆಗೆ ಹೋದರೂ ಆ ಮನೆಯವರಿಗಿಂತ ಕೆಳಗೆ ಕೂರಬೇಕು ಎಂಬುದೊಂದು ಹಟ. ಅವರು ಕುರ್ಚಿಯಲ್ಲಿದ್ದರೆ ಇವರು ಮಣೆ ಕೇಳುತ್ತಿದ್ದರು, ಅವರು ನೆಲದಲ್ಲಿದ್ದರೆ ಇವರು ಒಂದು ಮೆಟ್ಟಿಲು ಇಳಿದು ಕೂರುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೂ ಬಿಡಲಿಲ್ಲ. ಎದ್ದೇಳುವಾಗ ನನ್ನ ಭುಜ ಹಿಡಿದುಕೊಳ್ಳುತ್ತಿದ್ದರು. ಆ ಹಿಡಿತದ ಭಾರ ಈಗಲೂ ಕೆಲವು ಸಲ ನನ್ನ ಎಡ ಭುಜಕ್ಕೆ ಗೊತ್ತಾಗುತ್ತದೆ.

ತರಬೇತಿಯ ಮೊದಲ ದಿನ ನಮ್ಮ ಐದು ಜನರನ್ನು ಗಾಂಧಿ ಬಜಾರಿಗೆ ಬಿಟ್ಟು, ಒಬ್ಬೊಬ್ಬರೂ ಹತ್ತು ಜನರನ್ನು ಮಾತಾಡಿಸಿಕೊಂಡು ಬನ್ನಿ ಎಂದರು. ಬೆಳಗಿನ ತಿಂಡಿ ಏನು ತಿಂದಿರಿ ಎಂಬುದೊಂದೇ ಪ್ರಶ್ನೆ. ನಾನು ಎಲ್ಲರಿಗಿಂತ ಮೊದಲು ಮುಗಿಸಿಕೊಂಡು ಬಂದೆ. ಮೇಡಂ ಹೂವಿನ ಅಂಗಡಿಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರಂತೆ.

"ಆ ಮೂಟೆ ಹೊರ್ತಿದ್ದೋನನ್ನ ಯಾಕೆ ಬಿಟ್ಟೆ?"

"ಅವರು ಕೆಲಸದಲ್ಲಿದ್ರು ಮೇಡಂ."

"ಆ ಮುದುಕಿ?"

"ಮುಖ ಗಂಟು ಹಾಕ್ಕೊಂಡಿದ್ರು."

"ನಗೋರನ್ನೇ ಹುಡುಕ್ಕೊಂಡ್ಹೋಗಿ ಕೇಳಿದ್ರೆ ಊರೆಲ್ಲ ನಗ್ತಿದೆ ಅಂತ ಬರಕೊಂಡ್ಬರ್ತೀಯ" ಎಂದರು. ಆಮೇಲೆ ನಮಗೆಲ್ಲ ಸೀಬೆಹಣ್ಣು ಕೊಡಿಸಿದರು. ಅವರ ಬೈಗುಳದ ಹಿಂದೆಯೇ ಏನಾದರೂ ತಿನ್ನಲು ಬರುತ್ತಿತ್ತು.

ಅವರ ಅಕ್ಕ ಮಲ್ಲೇಶ್ವರದಲ್ಲಿದ್ದಾರೆ. ಒಮ್ಮೆ ಆಫೀಸಿಗೆ ಬಂದವರು ನಮ್ಮ ಹತ್ತಿರ ದೂರು ಹೇಳಿದರು: "ನನ್ನ ಮಗಳು ಮೈನೆರೆದಿದ್ದು ಯಾವಾಗ ಅಂದ್ರೆ ಇವಳು, 'ಆಗ ಮಾವಿನಕಾಯಿ ಬಂದಿತ್ತಾ' ಅಂತಾಳೆ ಕಣ್ರಮ್ಮ. ಮನೇಲೂ ಸರ್ವೆನೇ." ಮೇಡಂ ತಲೆ ಎತ್ತದೆ, "ಬಂದಿತ್ತಾ ಇಲ್ವಾ ಹೇಳು" ಎಂದರು. ತಾರೀಖು ಮರೆತವರಿಗೂ ಹಬ್ಬ, ಹಣ್ಣು, ಮಳೆ ನೆನಪಿರುತ್ತವೆ ಎಂಬುದನ್ನು ಅವರು ತುಂಬ ನಂಬಿದ್ದರು. ನಮ್ಮ ಚೀಲದಲ್ಲಿ ಯಾವಾಗಲೂ ಆಯಾ ಊರಿನ ಹಬ್ಬ-ಸಂತೆಗಳ ಒಂದು ಪಟ್ಟಿ ಇರುತ್ತಿತ್ತು.

ಹೀಗೆ ಬರೆಯುತ್ತ ಹೋದರೆ ಬೇಕಾದಷ್ಟಿದೆ. ಆದರೆ ನನಗೆ ಹೇಳಬೇಕಾಗಿರುವುದು ಒಂದೇ ಒಂದು ವಿಷಯ. ನಾನು ಅವರಿಗೆ ಒಂದು ಮಾತು ಆಡಿದ್ದೆ. ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಶ್ರೀರಾಂಪುರದ ಕಡೆ, ರೈಲು ಹಳಿಗೆ ಹತ್ತಿರ, ತಗ್ಗಿನ ಒಂದು ಬೀದಿ. ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚೆ, ಗಣಪತಿ ಬಿಟ್ಟ ಮೇಲೆ, ದೊಡ್ಡ ಮಳೆ ಬಂದು ಚರಂಡಿ ಉಕ್ಕಿ ಆ ಬೀದಿಯ ಮನೆಗಳಿಗೆಲ್ಲ ಎದೆಮಟ್ಟ ನೀರು ನುಗ್ಗಿತು. ಜನ ಶಾಲೆಯಲ್ಲಿ ಮಲಗುತ್ತಿದ್ದರು, ಹಗಲು ಮನೆಗೆ ಬಂದು ಕೆಸರು ತೋಡುತ್ತಿದ್ದರು, ಮನೆಯ ಕೊಳಾಯಿ ನೀರನ್ನೇ ಕುಡಿಯುತ್ತಿದ್ದರು. ಊಟ ಮಾತ್ರ ಎಲ್ಲರಿಗೂ ಶಾಲೆಯಲ್ಲೇ. ಅಡಿಗೆ ಮಾಡುತ್ತಿದ್ದವರು ಅದೇ ಬೀದಿಯ ಮೂಲೆಯಲ್ಲಿ ಇಡ್ಲಿ ಗಾಡಿ ಇಟ್ಟುಕೊಂಡಿದ್ದ ಹೆಂಗಸು. ಎಲ್ಲರೂ ಇಡ್ಲಿ ಅಕ್ಕ ಎನ್ನುತ್ತಿದ್ದರು. ಅವರ ಮನೆಯೂ ಮುಳುಗಿತ್ತು. ಯಾರೂ ಕೇಳದೆಯೇ ತಮ್ಮ ಹಂಡೆ ತಂದು ಶಾಲೆಯ ಅಂಗಳದಲ್ಲಿ ಒಲೆ ಹೂಡಿದ್ದರು.

ಆರನೆಯ ದಿನದಿಂದ ವಾಂತಿ ಭೇದಿ ಶುರುವಾಯಿತು. ಮಕ್ಕಳು, ಮುದುಕರು ಆಸ್ಪತ್ರೆ ಸೇರಿದರು. ಕಾರಣ ಹುಡುಕಲು ನಮ್ಮನ್ನು ಕರೆದರು. ನಾವು ಹೋಗುವಷ್ಟರಲ್ಲಿ ಬೀದಿಯೇ ಕಾರಣ ಹುಡುಕಿ ಆಗಿತ್ತು. ಅಕ್ಕನ ಒಲೆ ಆರಿತ್ತು. ಶಾಲೆಯ ಗೇಟಿನ ಹತ್ತಿರ ಒಬ್ಬಳು ಅವರಿಗೆ ಕೇಳಿಸುವಂತೆಯೇ ಹೇಳಿದಳು: "ಊರಿಗೆಲ್ಲ ಭೇದಿ, ಇವಳು ಮಾತ್ರ ಗುಂಡುಕಲ್ಲಿನ ಹಂಗಿದಾಳೆ ನೋಡು." ಅಕ್ಕ ಹಂಡೆಯ ಮಸಿ ಉಜ್ಜುತ್ತಿದ್ದರು.

ಮೊದಲು ಮನೆಗಳ ಪಟ್ಟಿ ಮಾಡಬೇಕು. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಮನೆ ಎಂಬುದು ನಮ್ಮ ಕೆಲಸದ ಲೆಕ್ಕ. ನನ್ನ ಜೊತೆಯವನೊಬ್ಬ ಶಾಲೆಗೆ ಹೋಗಿ, ಎಲ್ಲರೂ ಅಕ್ಕನ ಒಲೆಯಲ್ಲೇ ಉಂಡಿದ್ದರಿಂದ ಇಡೀ ಬೀದಿಯನ್ನು ಒಂದೇ ಮನೆ ಎಂದು ಬರೆದುಕೊಂಡು ಬಂದ. ಮೇಡಂ ಬಿದ್ದು ಬಿದ್ದು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, "ಅವನು ಬರೆದಿದ್ದು ತಪ್ಪು. ಆದ್ರೆ ಆ ಹೆಂಗಸು ಅದನ್ನೇ ಅಲ್ವಾ ಮಾಡಿದ್ದು" ಎಂದರು.

ನಾನು ಮೊದಲ ದಿನ ಕಾಯಿಲೆ ಬಿದ್ದವರನ್ನೆಲ್ಲ ಕೇಳಿಕೊಂಡು ಬಂದೆ. ಎಲ್ಲರೂ ಅಕ್ಕನ ಊಟ ಮಾಡಿದ್ದರು. "ಅಕ್ಕನದೇ ತಪ್ಪು ಅನ್ಸತ್ತೆ ಮೇಡಂ" ಎಂದೆ.

"ಚೆನ್ನಾಗಿರೋರನ್ನ ಕೇಳಿದ್ಯಾ?"

"ಅವರಿಗೆ ಏನೂ ಆಗಿಲ್ವಲ್ಲ."

"ಅದಕ್ಕೇ ಕೇಳ್ಬೇಕು. ಅವರೂ ಅದೇ ಊಟ ಮಾಡಿದ್ರೆ?"

ಮಾರನೆಯ ದಿನ ಕೇಳಿದೆ. ಚೆನ್ನಾಗಿದ್ದವರೂ ಅದೇ ಊಟ ಮಾಡಿದ್ದರು. ಬೀದಿಯ ಮೇಲ್ಭಾಗದ ಕೊಳಾಯಿ ಬಳಸಿದವರಲ್ಲಿ ಕಾಯಿಲೆ ಕಡಿಮೆ, ಕೆಳಭಾಗದ ಕೊಳಾಯಿಯವರಲ್ಲಿ ಜಾಸ್ತಿ. ನೀರಿನ ಮೇಲೆ ಅನುಮಾನ ಬಲವಾಯಿತು. ಆದರೆ ಅಕ್ಕನ ಮೇಲಿನ ಮಾತು ಪೂರ್ತಿ ಬಿದ್ದುಹೋಗಬೇಕಾದರೆ, ಅವರ ಊಟ ಮುಟ್ಟದೆಯೂ ಕಾಯಿಲೆ ಬಿದ್ದವರು ಸಿಗಬೇಕಿತ್ತು. ಶಾಲೆಯಲ್ಲಿ ಉಣ್ಣದ ಮನೆಗಳು ಮೂರೇ. ಎರಡು ಮನೆಗೆ ಸ್ವಂತ ಬೋರ್‌ವೆಲ್. ಅವರು ಕೊಳಾಯಿ ನೀರು ಕುಡಿದೇ ಇರಲಿಲ್ಲ. ಮೂರನೆಯದು ಕೆಳಭಾಗದ ಮಹಡಿ ಮನೆ, ದಿನಸಿ ಅಂಗಡಿಯ ಯಜಮಾನರದು. ಬೀದಿಯ ಹಿರಿಯರು ಅವರೇ. ಅಕ್ಕನ ಒಲೆ ಆರಿಸಿದವರೂ ಅವರೇ.

"ನಾವು ಅವಳ ಅನ್ನ ಮುಟ್ಲಿಲ್ಲಮ್ಮ. ಕೊಳಾಯಿ ನೀರೇ ಕುಡಿದಿದ್ದು. ನಮ್ಮನೇಲಿ ಒಬ್ಬರಿಗೂ ಒಂದು ಸೀನೂ ಬರ್ಲಿಲ್ಲ. ಬರ್ಕೊಳ್ಳಿ" ಎಂದರು. ಬರೆದುಕೊಂಡೆ. ಮೆಟ್ಟಿಲಿಳಿಯುವಾಗ ಅವರ ಸೊಸೆ ಹಿಂದೆಯೇ ಬಂದರು.

"ನೋಡಿ, ನಂಗೂ ನನ್ನ ಮಕ್ಕಳಿಬ್ಬರಿಗೂ ಆಗಿತ್ತು. ಮೂರು ದಿನ. ಬೀದಿಗೆ ಗೊತ್ತಾಗ್ಬಾರ್ದು ಅಂತ ಮಾವನೋರು ನಮ್ಮನ್ನ ತವರುಮನೆಗೆ ಕಳಿಸಿಬಿಟ್ರು. ಬರ್ಕೊಬೇಡಿ, ದಮ್ಮಯ್ಯ. ನಿಮಗೊಬ್ಬರಿಗೆ ಗೊತ್ತಿರ್ಲಿ ಅಂತ ಹೇಳ್ದೆ."

ನಾನು ಬೀದಿಯ ತುದಿಯ ಟೀ ಅಂಗಡಿಯ ಹತ್ತಿರ ನಿಂತು ಅದನ್ನು ಬರೆದೆ. ಫಾರಂನ ಅಂಚಿನಲ್ಲಿ, ಒಂದೇ ಸಾಲು. ತಪ್ಪು ಮಾಡುತ್ತಿದ್ದೇನೆ ಎಂದು ಅನಿಸಲೇ ಇಲ್ಲ. ನನಗೆ ಇಡ್ಲಿ ಅಕ್ಕನ ಮುಖ ಕಾಣುತ್ತಿತ್ತು.

ಸಂಜೆ ಮೇಡಂ ಒಂದೊಂದೇ ಫಾರಂ ಓದುತ್ತ ಅಲ್ಲಿ ನಿಂತರು.

"ಮೇಲೆ 'ಇಲ್ಲ' ಅಂತಿದೆ, ಪಕ್ಕದಲ್ಲಿ 'ಮೂರು ಜನ' ಅಂತಿದೆ. ಏನಿದು?"

ನಡೆದದ್ದನ್ನು ಹೇಳಿದೆ. ಸಂತೋಷದಿಂದಲೇ ಹೇಳಿದೆ. "ಸಿಕ್ತಲ್ಲ ಮೇಡಂ! ಅಕ್ಕ ಪಾರಾದ್ರು."

"ಬರೀಬೇಡಿ ಅಂದಳಾ ಆ ಹುಡುಗಿ?"

"ಅಂದ್ರು. ಆದ್ರೆ..."

"ಹೊಡೆದುಹಾಕು."

"ಮೇಡಂ, ಹೆಸರು ಎಲ್ಲೂ ಇಲ್ವಲ್ಲ!"

"ಶಾಲೇಲಿ ಉಣ್ಣದೇ ಇರೋ ಮನೆ ಮೂರೇ. ಇದು ಯಾವ ಮನೆ ಅಂತ ಬೀದಿಯಲ್ಲಿ ಯಾರಿಗೆ ಗೊತ್ತಾಗಲ್ಲ? ಆ ಮಾವ ಆ ಹುಡುಗೀನ ಬಿಡ್ತಾನಾ? ನೀನು ಬಾಗಿಲು ತಟ್ಟಿದಾಗ ಏನು ಹೇಳಿ ತಟ್ಟಿದ್ದೆ? ನಿಮಗೆ ಇಷ್ಟ ಇಲ್ಲದೇ ಇರೋದನ್ನ ಬರಿಯಲ್ಲ ಅಂತ ತಾನೇ?"

ನಾನು ಹೊಡೆದುಹಾಕಲಿಲ್ಲ. ಫಾರಂ ಅವರ ಮುಂದೆ ತಳ್ಳಿ ಹೇಳಿದೆ: "ನಿಮಗೆ ನಿಮ್ಮ ನಿಯಮ ಮುಖ್ಯ ಮೇಡಂ. ಒಂದು ಹೆಂಗಸಿನ ಬಾಳು ಹಾಳಾದ್ರೂ ಪರವಾಗಿಲ್ಲ. ನೀವು ಆ ಬೀದೀಲಿ ಬದುಕಬೇಕಾಗಿಲ್ವಲ್ಲ."

ಮೇಡಂ ಆ ಫಾರಂ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಆ ದಿನ ಯಾರಿಗೂ ತಿನ್ನಲು ಏನೂ ಬರಲಿಲ್ಲ.

ವರದಿ ಹೋಯಿತು. ಕೆಳಭಾಗದ ಕೊಳಾಯಿಯನ್ನು ಕೂಡಲೇ ನಿಲ್ಲಿಸಬೇಕು ಎಂದು ಮೇಡಂ ಬರೆದಿದ್ದರು. ಅಗೆದು ನೋಡಿದಾಗ ಪೈಪಿನ ಒಂದು ಜಾಯಿಂಟ್ ಒಡೆದು ಚರಂಡಿ ನೀರು ಸೇರುತ್ತಿತ್ತು. ಸರಿಪಡಿಸಿದರು. ಕಾಯಿಲೆ ಇಳಿಯಿತು. ಆದರೆ ವರದಿಯಲ್ಲಿ ಇನ್ನೊಂದು ವಾಕ್ಯವೂ ಇತ್ತು: ಬಹುತೇಕ ಎಲ್ಲರೂ ಶಾಲೆಯಲ್ಲೇ ಉಂಡಿದ್ದರಿಂದ, ಊಟದ ಪಾತ್ರವನ್ನು ಪೂರ್ತಿ ತಳ್ಳಿಹಾಕಲು ನಮ್ಮ ಮಾಹಿತಿ ಸಾಲದು. ದಿನಸಿ ಅಂಗಡಿಯ ಯಜಮಾನರು ಬೀದಿಯ ಸಭೆಯಲ್ಲಿ ಆ ವಾಕ್ಯವನ್ನು ಮಾತ್ರ ಗಟ್ಟಿಯಾಗಿ ಓದಿದರಂತೆ. ಅಕ್ಕ ಗಾಡಿ ಮತ್ತೆ ಇಟ್ಟರೂ ಒಬ್ಬರೂ ಬರುತ್ತಿಲ್ಲ, ಇಡ್ಲಿಯನ್ನು ಹಸುಗಳಿಗೆ ಹಾಕುತ್ತಿದ್ದಾರೆ ಎಂದು ಕೇಳಿದೆ. ಅಲ್ಲಿಗೆ ಹೋಗಿ ಮುಖ ತೋರಿಸುವ ಧೈರ್ಯ ನನಗಾಗಲಿಲ್ಲ. ಆ ಬೀದಿಗೆ ಆಮೇಲೆ ಕಾಲಿಡಲಿಲ್ಲ.

ಕೆಲಸ ಬಿಡಲಿಲ್ಲ. ಮನೆಯಲ್ಲಿ ನನ್ನ ಸಂಬಳ ಬೇಕಿತ್ತು. ಕೆಲಸವನ್ನು ಪ್ರೀತಿಸುತ್ತಲೂ ಇದ್ದೆ. ಮೇಡಂ ಮೊದಲಿನಂತೆಯೇ ಇದ್ದರು. ನಾನು ಮೊದಲಿನಂತಿರಲಿಲ್ಲ. ಅವರು ಕರೆದರೆ ಹೋಗುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ, ನಾನಾಗಿ ಏನನ್ನೂ ಹೇಳುತ್ತಿರಲಿಲ್ಲ. ಕೊರೊನಾ ಕಾಲದಲ್ಲಿ ಫೋನಿನಲ್ಲೇ ಸರ್ವೆ ಮಾಡಿದೆವು. ದಿನಕ್ಕೆ ನಲವತ್ತು ಮನೆಗೆ ಫೋನು. ಸಾವಿನ ಸುದ್ದಿ ಕೇಳಿ ಕೇಳಿ ಒಂದು ದಿನ ನನಗೆ ಮಾತು ನಿಂತುಹೋಯಿತು. ಮೇಡಂ ಫೋನ್ ಮಾಡಿದರು. ಏನೂ ಕೇಳಲಿಲ್ಲ. ಅವರೂ ಮಾತಾಡದೆ, ನಾನೂ ಮಾತಾಡದೆ, ಬಹಳ ಹೊತ್ತು ಲೈನಿನಲ್ಲಿ ಇದ್ದೆವು. ಆಗಲಾದರೂ ಆ ಮಾತನ್ನು ವಾಪಸು ತೆಗೆದುಕೊಳ್ಳಬಹುದಿತ್ತು.

ಅವರಿಗೆ ಕಾಯಿಲೆ ಜಾಸ್ತಿಯಾದಾಗ ಎರಡು ಸಲ ಹೋಗಿದ್ದೆ. ಎರಡನೆಯ ಸಲ ನನ್ನ ಕೈ ಹಿಡಿದುಕೊಂಡು, "ಫೀಲ್ಡಿಗೆ ಹೋಗೋರು ಛತ್ರಿ ಇಟ್ಕೊಂಡಿದಾರಾ?" ಎಂದು ಕೇಳಿದರು. ಇದೆ ಮೇಡಂ ಎಂದೆ. ಅಷ್ಟೇ.

ಅವರ ಹದಿಮೂರನೆಯ ದಿನದ ಊಟ ಮುಗಿದ ಮೇಲೆ, ಯಾರೋ ಹೇಳಿ ಕಳಿಸಿದಂತೆ ನಾನು ಆ ಬೀದಿಗೆ ಹೋದೆ. ಅಕ್ಕನಿಗೆ ವಿಷಯ ತಿಳಿಸಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ಅವರಾದರೂ ನನ್ನನ್ನು ಬೈಯಲಿ ಎಂದಿತ್ತು. ಮೂಲೆಯಲ್ಲಿ ಗಾಡಿ ಇರಲಿಲ್ಲ. ಗಾಡಿಯ ಜಾಗದ ಹಿಂದೆಯೇ ಸಣ್ಣದೊಂದು ಅಂಗಡಿ, ನಾಲ್ಕು ಸ್ಟೀಲ್ ಮೇಜು. ಅಕ್ಕ ದಪ್ಪಗಾಗಿದ್ದರು, ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದರು.

"ಗೊತ್ತಾಯ್ತಮ್ಮ. ಆ ಮಹಡಿ ಮನೆ ಸೊಸೆ ಬಂದು ಹೇಳಿದ್ಲು. ಇಬ್ರೂ ಇಲ್ಲೇ ಕೂತ್ಕೊಂಡು ಅತ್ವಿ."

ನನಗೆ ಅರ್ಥವಾಗಲಿಲ್ಲ. "ಆ ಮನೆಯವರು ನಿಮ್ಮ ಹತ್ರ ಬರ್ತಾರಾ?"

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮಗೆ ಗೊತ್ತಿಲ್ವಾ?"

ಅವರು ಹೇಳಿದ್ದು ಇಷ್ಟು. ನಾನು ಜಗಳವಾಡಿದ ಮಾರನೆಯ ದಿನ ಮೇಡಂ ಆ ಫಾರಂ ತೆಗೆದುಕೊಂಡು ಒಬ್ಬರೇ ಬಂದಿದ್ದರು. ಮಾವ ಅಂಗಡಿಯಲ್ಲಿದ್ದ ಹೊತ್ತು ನೋಡಿ ಸೊಸೆಯನ್ನು ಕಂಡು, "ನೀವು ಬೇಡ ಅಂದ್ರೂ ನಮ್ಮೋರು ಬರೆದುಬಿಟ್ಟಿದಾರೆ, ತಪ್ಪಾಯ್ತು" ಎಂದು ಆಕೆಯ ಎದುರಿಗೇ ಆ ಸಾಲನ್ನು ಹೊಡೆದುಹಾಕಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೀದಿಯವರಿಗೆ ನಿಜ ಹೇಳಿ ಎಂದು ಒತ್ತಾಯಿಸಲಿಲ್ಲ, ಅಕ್ಕನ ಕಷ್ಟದ ಮಾತನ್ನೂ ಎತ್ತಲಿಲ್ಲ. ಆ ಸೊಸೆ ಎಂಟು ದಿನ ನಿದ್ದೆ ಮಾಡಲಿಲ್ಲವಂತೆ. ಸಭೆಯಲ್ಲಿ ಮಾವ ವರದಿ ಓದಿದ ಮೇಲಂತೂ ಊಟವೂ ಸೇರಲಿಲ್ಲವಂತೆ. ಒಂದು ಬೆಳಿಗ್ಗೆ ಎಂಟು ಗಂಟೆಗೆ, ಬೀದಿಯೆಲ್ಲ ಎದ್ದು ಓಡಾಡುತ್ತಿರುವಾಗ, ಮಕ್ಕಳಿಬ್ಬರನ್ನೂ ಕರೆದುಕೊಂಡು ನೇರವಾಗಿ ಗಾಡಿಯ ಹತ್ತಿರ ಬಂದಳು.

"'ಅಕ್ಕ, ಮೂರು ಪ್ಲೇಟ್ ಕೊಡಿ' ಅಂದ್ಲು. ಪ್ಲೇಟು ಕೈಯಲ್ಲಿ ಹಿಡ್ಕೊಂಡು, ನೀರು ಹಿಡಿಯೋಕೆ ನಿಂತಿದ್ದ ಹೆಂಗಸರ ಮುಂದೆ ಗಟ್ಟಿಯಾಗಿ ಹೇಳಿದ್ಲು: 'ನಮಗೂ ಆಗಿತ್ತು. ಇವರ ಊಟ ಮಾಡ್ದೇನೇ ಆಗಿತ್ತು.' ಮಾವ ಆರು ತಿಂಗಳು ಅವಳ ಹತ್ರ ಮಾತು ಬಿಟ್ಟಿದ್ರು. ಇವಳು ದಿನಾ ಬರೋದು ಬಿಡ್ಲಿಲ್ಲ."

"ಮೇಡಂಗೆ ಇದು ಗೊತ್ತಿತ್ತಾ?"

"ನಾನೇ ಹೋಗಿ ಹೇಳಿದ್ನಲ್ಲ. ಆಮೇಲೆ ಅವರೂ ಎಷ್ಟೋ ಸಲ ಬರೋರು. ಆ ಹುಡುಗಿ, 'ಮೇಡಂ, ನೀವು ಬಂದು ತಪ್ಪಾಯ್ತು ಅಂದಿದ್ದು, ಆಮೇಲೆ ಆಗಿದ್ದು, ಏನನ್ನೂ ಆಫೀಸಲ್ಲಿ ಮಾತ್ರ ಯಾರಿಗೂ ಹೇಳ್ಬೇಡಿ, ಆ ಬರೆದ ಅಮ್ಮ ನೊಂದ್ಕೊತಾರೆ' ಅಂದಿದ್ಲು. ಅವರು ಹೇಳ್ಲಿಲ್ಲ ಅನ್ಸತ್ತೆ."

ಹೇಳಲಿಲ್ಲ. ಎಂಟು ವರ್ಷ ನನ್ನ ಬಿಗಿದ ಮುಖ ನೋಡಿಕೊಂಡು ಎದುರಿಗೆ ಕೂತಿದ್ದರು, ಹೇಳಲಿಲ್ಲ. ಬೇಡ ಎಂದಿದ್ದಳಲ್ಲ ಆ ಹುಡುಗಿ.

ಇದನ್ನು ಬರೆಯುವ ಮೊದಲು ಆ ಸೊಸೆಯನ್ನು ಹೋಗಿ ಕೇಳಿದೆ. ಮೆಟ್ಟಿಲ ಮೇಲೆ ಅವರಿಗಿಂತ ಕೆಳಗೆ ಕೂತು, ಬರೆದಿದ್ದನ್ನು ಓದಿ ಹೇಳಿದೆ. ಮಾವ ಈಗಿಲ್ಲ. "ಬರೀರಿ, ಬೀದಿ ಹೆಸರು ಮಾತ್ರ ಬೇಡ" ಎಂದರು. ಹಾಕಿಲ್ಲ.

ಅವತ್ತು ಅಂಗಡಿಯಿಂದ ಹೊರಡುವಾಗ ಅಕ್ಕನನ್ನು ಒಂದು ಮಾತು ಕೇಳಿದೆ. ಕೇಳಲು ಹೆದರಿಕೆಯಾಗುತ್ತಿತ್ತು. "ಮೇಡಂ ನನ್ನ ಬಗ್ಗೆ ಯಾವತ್ತಾದ್ರೂ ಏನಾದ್ರೂ ಅಂದಿದ್ರಾ?"

ಅಕ್ಕ ಮೇಜು ಒರೆಸುತ್ತಿದ್ದವರು ಬಟ್ಟೆ ಕೆಳಗಿಟ್ಟರು.

"ಅನ್ನದೇ ಏನು. ಮೊದಲನೇ ಸಲ ಇಲ್ಲಿ ಕೂತು ಇಡ್ಲಿ ತಿಂದಾಗಲೇ ಅಂದ್ರು. 'ನಮ್ಮ ಹುಡುಗಿ ನಿಮ್ಮ ಪರ ನನ್ನ ಹತ್ರ ಎಂಥಾ ಜಗಳ ಆಡಿದ್ಲು ಗೊತ್ತಾ' ಅಂತ. ಬಂದೋರಿಗೆಲ್ಲ ಹೇಳ್ಕೊಂಡು ನಗೋರು."